ಜೀವಾಮೃತದ ಬ್ಯಾರೆಲ್‌ಗೆ ನಳ ಕೂಡಿಸುವಾಗ ಕಂಜೂಸಿ ಬ್ಯಾಡ

ಗಲಗಲಿ ಕಡೆ, ಕೃಷ್ಣಾ ದಂಡೆಯ ಹೊಲಗಳಲ್ಲಿ ಜೀವಾಮೃತ ಮಾಡೋ ಗೆಳೆಯರಿಗೆ ಒಂದು ಮಾತು. ಬ್ಯಾರೆಲ್ಲನ್ನ ಹತ್ತು ಕಡೆ ವಿಚಾರಿಸಿ ತರ್ತೀವಿ. ಅದಕ್ಕೆ ನಳ ಕೂಡಿಸೋದು ಮಾತ್ರ ಕಾದ ಸಳಿ, ಎಂ-ಸೀಲ್, ಹಳೇ ಸೈಕಲ್ ಟ್ಯೂಬಿನಿಂದ! ನಾನೂ ಹಂಗೇ ಮಾಡಿದ್ದೆ. ಒಂದು ಮುಂಜಾನೆ ಹೋಗಿ ನೋಡಿದರೆ 200 ಲೀಟರೂ ಮಣ್ಣುಪಾಲು. 10 ಕೆ.ಜಿ. ಸಗಣಿ, 2 ಕೆ.ಜಿ. ಬೆಲ್ಲ, 2 ಕೆ.ಜಿ. ಕಡಲೆ ಹಿಟ್ಟು ಹೋಗಿದ್ದು ಒಂದು ಕಡೆ. ಒಂದು ಎಕರೆಯ ಪಾಳಿನೇ ತಪ್ಪಿತು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಎರಡನೇ ಬ್ಯಾರೆಲ್ ತರೋ ಮೊದಲು, ಮೊದಲನೇದರ ಜೋಡಣೆ ಸರಿ ಮಾಡ್ರಿ.

ಮುಚ್ಚಳ ಪೂರ್ತಿ ತೆಗೆಯೋಕೆ ಬರುವ ಬ್ಯಾರೆಲ್ಲೇ ಇರಲಿ. ಒಳಗೆ ಕೈ ಹೋಗದಿದ್ದರೆ ಟ್ಯಾಂಕ್ ನಿಪ್ಪಲ್ ಬಿಗಿಯಲು ಆಗಲ್ಲ. ತೂತನ್ನ ತಳದಿಂದ ನಾಲ್ಕು ಇಂಚು ಮೇಲೆ, ಹೋಲ್ ಸಾ ಹಾಕಿ ದುಂಡಗೆ ಕೊರೀರಿ. ಗಸಿ ಕೆಳಗೇ ಉಳೀತದೆ. ರಬ್ಬರ್ ವಾಷರ್ ಒಳಗಡೆ, ನಟ್ ಹೊರಗಡೆ. ಬ್ಯಾರೆಲ್ ಮೈ ದುಂಡು ಇರೋದರಿಂದ ದೊಡ್ಡ ನಿಪ್ಪಲ್ ಸರಿಯಾಗಿ ಕೂರಲ್ಲ. ಮುಕ್ಕಾಲು ಅಥವಾ ಒಂದು ಇಂಚಿನದು, ಮೆತ್ತಗಿನ ದಪ್ಪ ವಾಷರ್ ಜೊತೆ ಸಾಕು.

ನಳ ಹಿತ್ತಾಳೆಯದು ಬ್ಯಾಡ. ಗೋಮೂತ್ರದ ಅಮೋನಿಯಾ ಹಿತ್ತಾಳೆಯನ್ನ ತಿಂದು ಬಿರುಕು ಬಿಡಿಸ್ತದೆ. ಪ್ಲಾಸ್ಟಿಕ್ ಬಾಲ್ ವಾಲ್ವ್ ಹಾಕ್ರಿ. ಪಕ್ಕದಲ್ಲಿ ಒಂದು ಯೂನಿಯನ್ ಇದ್ದರೆ ಪೈಪ್ ಕೊಯ್ಯದೇ ಬಿಚ್ಚಿ ತೊಳೀಬಹುದು. ವಾಲ್ವಿನ ಭಾರ ನಿಪ್ಪಲ್ ಮೇಲೆ ಜೋತು ಬೀಳದಂಗೆ ಕೆಳಗೆ ಇಟ್ಟಂಗಿ ಇಡ್ರಿ. ಬರೀ ತುರುಕಿದ ಪೈಪ್ ಬಿಸಿಲಿಗೆ ಮೆತ್ತಗಾಗಿ ಜಾರ್ತದೆ, ಕ್ಲ್ಯಾಂಪ್ ಬಿಗೀರಿ.

ಬಾಯಿ ಗಟ್ಟಿ ಮುಚ್ಚಬ್ಯಾಡ್ರಿ, ಗೋಣಿಚೀಲ ಹೊದಿಸ್ರಿ. ಒಳಗೆ ಗಾಳಿ ಹೋಗದಿದ್ದರೆ ಹರಿವು ನಿಲ್ತದೆ. ಡ್ರಿಪ್‌ಗೆ ಬಿಡೋದಾದರೆ ಬಟ್ಟೆಯಲ್ಲಿ ಸೋಸಿ, ಡಿಸ್ಕ್ ಫಿಲ್ಟರ್‌ಗಿಂತ ಮುಂಚೆ ವೆಂಚುರಿ ಮೂಲಕ ಬಿಡ್ರಿ. ಫಿಲ್ಟರ್ ದಾಟಿದ ಮೇಲೆ ಬಿಟ್ಟರೆ ಕಸ ನೇರ ಡ್ರಿಪ್ಪರ್‌ಗೇ ಹೋಗ್ತದೆ.

ಕಬ್ಬಿಣದ ಜಾಳಿಗೆಯ 1000 ಲೀಟರ್ ಹಳೇ ಟ್ಯಾಂಕ್ ತರುವವರೂ ಹುಷಾರ್. ಅದರ ವಾಲ್ವಿನ ಥ್ರೆಡ್ ಸಾಮಾನ್ಯವಾಗಿ 60 ಮಿ.ಮೀ., ನಮ್ಮ ಇಂಚಿನ ಫಿಟಿಂಗ್‌ಗೆ ಕೂಡಲ್ಲ. ಅಡಾಪ್ಟರ್ ಸಿಗ್ತದೋ ಇಲ್ಲೋ ಮೊದಲೇ ಕೇಳ್ರಿ. ಟೇಪ್ ಸುತ್ತಿ ಒತ್ತಿದರೆ ಸೋರೋದು ಗ್ಯಾರಂಟಿ. ಏನೇ ಇರಲಿ, ಪೈಪಿಗೆ ಬಾಯಿ ಹಚ್ಚಿ ಎಳೀಬ್ಯಾಡ್ರಿ. ಅದೇ ಚಟ ನಾಳೆ ಔಷಧದ ಡಬ್ಬಿಗೂ, ಡ್ರಿಪ್ ತೊಳೆಯೋ ಆಸಿಡ್‌ಗೂ ಹೋಗ್ತದೆ.

ಕೊನೇ ಮಾತು: ಓಣಿಯ ಗೆಳೆಯರೆಲ್ಲ ಸೇರಿ ಒಂದೇ ಸೈಜ್ ಗೊತ್ತು ಮಾಡ್ಕೋರಿ. ಒಬ್ಬನ ವಾಲ್ವ್ ಕೆಟ್ಟ ದಿನ ಇನ್ನೊಬ್ಬನದು ಕೂಡ್ತದೆ. ಹೊಸ ಜೋಡಣೆಗೆ ಒಂದು ರಾತ್ರಿ ಬರೀ ನೀರು ತುಂಬಿ, ಗೆರೆ ಎಳೆದು ಮಲಗ್ರಿ. ಮುಂಜಾನೆ ನೀರು ಗೆರೆಗೇ ಇದ್ದರೆ, ಆಮೇಲೆ ಬೆಲ್ಲ ಕಲಸ್ರಿ.