ಗುರುಗ್ರಾಮದ ಪಾಠ

"ಮಗನಿಗೆ ದಿಲ್ಲಿಯಲ್ಲಿ ಕೆಲಸವಾಯಿತಂತೆ, ಹೌದೇನ್ರೀ?" ಎಂದು ನೆರೆಮನೆಯಾಕೆ ಕಾಂಪೌಂಡಿನಾಚೆಯಿಂದ ಕೇಳುತ್ತಾರೆ. "ದಿಲ್ಲಿಯಲ್ಲವಂತೆ ಕಣ್ರೀ, ಅದರ ಮಗ್ಗುಲಿಗೆ. ಗುಡಗಾಂವ್ ಅಂತಿದ್ದರು, ಈಗ ಗುರುಗ್ರಾಮ ಅಂತಾರಂತೆ," ಎನ್ನುತ್ತಾರೆ ತಾಯಿ. "ಗ್ರಾಮವೇ!" ಎಂದು ಕೇಳಿದಾಕೆಯ ಉತ್ಸಾಹ ಕೊಂಚ ಇಳಿಯುತ್ತದೆ. ನಾಲ್ಕು ದಿನ ಕಳೆದು ಮಗನಿಂದ ಚಿತ್ರಗಳು ಫೋನಿಗೆ ಬಂದಾಗ ಇಬ್ಬರ ಕಣ್ಣೂ ಅರಳುತ್ತವೆ. ಗಾಜಿನ ಗೋಡೆಗಳ ಗಗನಚುಂಬಿ ಸೌಧಗಳು, ಕಂಬಗಳ ಮೇಲೆ ಓಡುವ ರೈಲು, ಹೆಬ್ಬಾಗಿಲಿನಲ್ಲಿ ಸಮವಸ್ತ್ರದ ಕಾವಲುಗಾರರು. ಇದು ಭಾರತವೇ ಎಂಬ ಬೆರಗು!

ಇಂತಹ ಸಂಭಾಷಣೆ ಇಂದು ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಗಳ ಎಷ್ಟೋ ಮನೆಗಳ ಮುಂದೆ ನಡೆಯುತ್ತಿರಬಹುದು. ಬೆರಗು ಸಹಜವಾದುದೇ. ಆದರೆ ಚಿತ್ರದಲ್ಲಿ ಕಾಣುವುದೆಲ್ಲ ಊರಲ್ಲ. ಊರೆಲ್ಲ ಚಿತ್ರದಲ್ಲಿ ಕಾಣುವುದೂ ಇಲ್ಲ. ರಾಜಧಾನಿಯಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ, ಹರಿಯಾಣ ರಾಜ್ಯದಲ್ಲಿರುವ ಈ ನಗರದ ಕಥೆ ನಗರವಾಸಿಗಳೆಲ್ಲರೂ ತಿಳಿಯತಕ್ಕ ಕಥೆಯಾಗಿದೆ.

ಹೆಸರಿನಿಂದಲೇ ಆರಂಭಿಸಬಹುದು. ಕುರುಕುಲದ ರಾಜಕುಮಾರರಿಗೆ ಬಿಲ್ವಿದ್ಯೆ ಕಲಿಸಿದ ದ್ರೋಣಾಚಾರ್ಯರಿಗೆ ಗುರುದಕ್ಷಿಣೆಯಾಗಿ ದೊರೆತ ಹಳ್ಳಿ ಇದೆಂದು ಸ್ಥಳಪುರಾಣ. ಇಲ್ಲಿನ ಪ್ರಸಿದ್ಧ ದೇವತೆ ಶೀತಲಾಮಾತೆ ದ್ರೋಣರ ಪತ್ನಿ ಕೃಪಿಯೇ ಎಂಬ ನಂಬಿಕೆಯೂ ಉಂಟು. ಈ ಪುರಾಣವನ್ನು ನೆನೆದೇ ಹರಿಯಾಣ ಸರ್ಕಾರವು 2016ರಲ್ಲಿ ಗುಡಗಾಂವ್ ಎಂಬ ರೂಢನಾಮವನ್ನು ಗುರುಗ್ರಾಮ ಎಂದು ಬದಲಾಯಿಸಿತು. ಇದೇ ನಗರದ ಸೆರಗಿನಲ್ಲಿ ಖಾಂಡ್ಸಾ ಎಂಬ ಗ್ರಾಮವಿದೆ. ಅಲ್ಲಿ ಏಕಲವ್ಯನ ಹೆಸರಿನ ಒಂದು ಸಣ್ಣ ಗುಡಿ ಇದೆ. ಗುರುವಿನ ಹೆಸರು ಊರಿಗೆಲ್ಲ ಸಂದಿತು. ಹೆಬ್ಬೆರಳು ಕೊಟ್ಟವನಿಗೆ ಮೂಲೆಯ ಗುಡಿಯೇ ಸಾಕಾಯಿತು.

1966ರ ನವೆಂಬರಿನಲ್ಲಿ ಪಂಜಾಬದಿಂದ ಬೇರ್ಪಟ್ಟು ಹರಿಯಾಣವು ರಾಜ್ಯವಾದಾಗ ಗುಡಗಾಂವ್ ಹೇಳಿಕೊಳ್ಳುವಂತಹ ಊರಾಗಿರಲಿಲ್ಲ. ಅರಾವಳಿಯ ಬೋಳುಗುಡ್ಡಗಳ ತಪ್ಪಲು. ಮರಳು ಬೆರೆತ ಒಣಭೂಮಿ. ಸಣ್ಣ ಹಿಡುವಳಿಯ ರೈತರು. ಈ ನೆಲಕ್ಕೆ ಬೆಲೆ ಬಂದುದು ದಿಲ್ಲಿಯಲ್ಲಿ ನಡೆದ ಒಂದು ಸಂಗತಿಯಿಂದ. 1957ರಲ್ಲಿ ಸಂಸತ್ತು ದಿಲ್ಲಿ ಅಭಿವೃದ್ಧಿ ಶಾಸನವನ್ನು ಅಂಗೀಕರಿಸಿತು. ರಾಜಧಾನಿಯಲ್ಲಿ ಬಡಾವಣೆ ನಿರ್ಮಿಸುವ ಕಾರ್ಯ ಸರ್ಕಾರದ ಪ್ರಾಧಿಕಾರದ ಕೈ ಸೇರಿತು. ಅಲ್ಲಿಯವರೆಗೆ ಗ್ರೇಟರ್ ಕೈಲಾಸದಂತಹ ಬಡಾವಣೆಗಳನ್ನು ಕಟ್ಟಿ ಮಾರುತ್ತಿದ್ದ ಖಾಸಗಿ ಸಂಸ್ಥೆಗಳಿಗೆ ಕೆಲಸವಿಲ್ಲದಾಯಿತು. ಅವುಗಳಲ್ಲಿ 1946ರಲ್ಲಿ ಸ್ಥಾಪಿತವಾದ ಡಿ.ಎಲ್.ಎಫ್. ಸಂಸ್ಥೆಯೂ ಒಂದು. ದಿಲ್ಲಿಯ ಬಾಗಿಲು ಮುಚ್ಚಿದ್ದರಿಂದ ಅದು ಗಡಿಯಾಚೆ ಕಣ್ಣು ಹಾಯಿಸಿತು.

ಸಂಸ್ಥಾಪಕರ ಅಳಿಯ ಕೆ.ಪಿ. ಸಿಂಗ್ ಅವರು ಹಳ್ಳಿಗಳನ್ನು ಸುತ್ತಿ, ರೈತರ ಮನೆಯ ಹಗ್ಗದ ಮಂಚದ ಮೇಲೆ ಕುಳಿತು, ಒಂದೊಂದೇ ತುಂಡು ಭೂಮಿಯನ್ನು ಕೊಂಡರು. ಅವರು ಹೇಳಿಕೊಂಡಿರುವ ಒಂದು ಪ್ರಸಂಗವು ಸ್ವಾರಸ್ಯಕರವಾಗಿದೆ. 1980ರ ಸುಮಾರಿನಲ್ಲಿ ಒಂದು ದಿನ ಅವರು ಹೊಲದ ಬಾವಿಯ ಬಳಿ ಕುಳಿತಿದ್ದಾಗ ಜೀಪೊಂದು ಬಂದು ನಿಂತಿತಂತೆ. ಯಂತ್ರ ಕಾದುಹೋಗಿತ್ತು, ನೀರು ಬೇಕಾಗಿತ್ತು. ನೀರು ಕೇಳಿದ ತರುಣರು ರಾಜೀವ್ ಗಾಂಧಿ. ಈ ಬಂಜರಿನಲ್ಲಿ ಏನು ಮಾಡುತ್ತಿದ್ದೀರಿ ಎಂದು ಅವರು ವಿಚಾರಿಸಲು, ಸಿಂಗ್ ಅವರು ತಮ್ಮ ನಗರದ ಕನಸನ್ನೂ ಅದಕ್ಕಿದ್ದ ಕಾನೂನಿನ ತೊಡಕುಗಳನ್ನೂ ವಿವರಿಸಿದರಂತೆ. ನಗರದ ಕಥೆ ಹೀಗೆ ಬಾವಿಯ ನೀರಿನಿಂದ ಆರಂಭವಾದುದನ್ನು ಮುಂದೆ ನೆನೆಯಬೇಕಾಗುತ್ತದೆ.

ಹರಿಯಾಣವು 1975ರಲ್ಲಿಯೇ ಒಂದು ಶಾಸನ ಮಾಡಿ ಖಾಸಗಿಯವರು ಪರವಾನಗಿ ಪಡೆದು ಬಡಾವಣೆ ಕಟ್ಟಲು ಅವಕಾಶವಿತ್ತಿತ್ತು. 1983ರ ಡಿಸೆಂಬರಿನಲ್ಲಿ ಸರ್ಕಾರವೂ ಜಪಾನಿನ ಸುಜುಕಿ ಸಂಸ್ಥೆಯೂ ಜೊತೆಗೂಡಿ ನಡೆಸಿದ ಕಾರ್ಖಾನೆಯಿಂದ ಮೊದಲ ಮಾರುತಿ ಕಾರು ಹೊರಬಂದಿತು. 1997ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ತನ್ನ ಲೆಕ್ಕಪತ್ರಗಳ ಕೆಲಸವನ್ನು ಇಲ್ಲಿಂದ ಮಾಡಿಸತೊಡಗಿತು. ಆಮೇಲೆ ಕಂಪೆನಿಗಳು ಸಾಲುಗಟ್ಟಿ ಬಂದವು. ದಿಲ್ಲಿಯ ವಿಮಾನ ನಿಲ್ದಾಣವು ಹತ್ತಿರವಿದ್ದುದು ಇನ್ನೊಂದು ಅನುಕೂಲ. 2001ರ ಜನಗಣತಿಯಲ್ಲಿ ಸುಮಾರು 8 ಲಕ್ಷ 70 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 15 ಲಕ್ಷವನ್ನು ಮೀರಿತು. ಹತ್ತೇ ವರ್ಷಗಳಲ್ಲಿ ಸುಮಾರು ಮುಕ್ಕಾಲು ಪಾಲು ಹೆಚ್ಚಳ!

ಇಷ್ಟೆಲ್ಲ ಆಗುತ್ತಿದ್ದಾಗ ಊರನ್ನು ನೋಡಿಕೊಳ್ಳುತ್ತಿದ್ದವರು ಯಾರು? ಹಳೆಯ ಪೇಟೆಗೆ ಪುರಸಭೆ ಇತ್ತು. ಹೊಸದಾಗಿ ಎದ್ದ ಬಡಾವಣೆಗಳಿಗೆ ಅದರ ಆಡಳಿತ ಸಲ್ಲುತ್ತಿರಲಿಲ್ಲ. ಇಡೀ ನಗರಕ್ಕೊಂದು ಮಹಾನಗರಪಾಲಿಕೆ ಸ್ಥಾಪಿತವಾದುದು 2008ರಲ್ಲಿ. ಅಷ್ಟರಲ್ಲಿ ಸೌಧಗಳು ಮೇಲೆದ್ದು ಜನ ಒಕ್ಕಲಾಗಿದ್ದರು. ಮನೆ ಕಟ್ಟಿ, ಗೃಹಪ್ರವೇಶ ಮಾಡಿ, ಊಟದ ಎಲೆ ಎತ್ತಿದ ಮೇಲೆ ಬಚ್ಚಲಿನ ನೀರು ಹೋಗುವುದೆಲ್ಲಿಗೆ ಎಂದು ಯೋಚಿಸಿದಂತಾಯಿತು.

ಕಾನೂನಿನಲ್ಲಿ ಹೊಣೆಯ ಹಂಚಿಕೆ ಇರಲಿಲ್ಲವೆಂದಲ್ಲ. ಬಡಾವಣೆಯ ಒಳಗಿನ ರಸ್ತೆ, ಚರಂಡಿ, ದೀಪಗಳು ಕಟ್ಟಿದವರ ಪಾಲಿನವು. ಅವನ್ನೆಲ್ಲ ಒಂದುಗೂಡಿಸುವ ಹೆದ್ದಾರಿ, ದೊಡ್ಡ ಕೊಳವೆ, ದೊಡ್ಡ ಕಾಲುವೆಗಳು ಸರ್ಕಾರದ ಪಾಲಿನವು. ಅದಕ್ಕಾಗಿ ಕಟ್ಟುವವರಿಂದ ಹಣವನ್ನೂ ಪಡೆಯಲಾಗುತ್ತಿತ್ತು. ಒಳಗಿನ ಕೆಲಸ ಬೇಗ ಮುಗಿಯಿತು. ಹೊರಗಿನದು ಹಿಂದೆ ಬಿದ್ದಿತು. ಆದುದರಿಂದ ಒಂದೊಂದು ಬಡಾವಣೆಯೂ ಒಂದೊಂದು ಕೋಟೆಯಾಯಿತು. ವಿದ್ಯುತ್ತು ಸಾಲದಾದಾಗ ಡೀಸೆಲ್ ಜನರೇಟರು ಬಂತು. ನಲ್ಲಿ ಒಣಗಿದಾಗ ಕೊಳವೆಬಾವಿ ಕೊರೆಸಲಾಯಿತು. ಕಳ್ಳರ ಭಯಕ್ಕೆ ಖಾಸಗಿ ಕಾವಲು ಬಂತು. ಮಲಿನಜಲಕ್ಕೆ ದಾರಿಯಿಲ್ಲದೆಡೆ ಅದನ್ನು ಟ್ಯಾಂಕರ್ ಲಾರಿಗಳಲ್ಲಿ ತುಂಬಿ ದೂರದ ಬಯಲಿಗೆ ಸುರಿದುಬಂದದ್ದೂ ಉಂಟು. ಹಣವಿದ್ದವರು ಎಲ್ಲವನ್ನೂ ಕೊಂಡುಕೊಂಡರು. ಗೇಟಿನಿಂದ ಹೊರಗಿಟ್ಟ ಹೆಜ್ಜೆಗೆ ಮಾತ್ರ ಕಾಲುಹಾದಿ ಇರಲಿಲ್ಲ. ಅದು ಅಂಗಡಿಯಲ್ಲಿ ಮಾರಾಟಕ್ಕೆ ಸಿಕ್ಕುವ ವಸ್ತುವಲ್ಲವಷ್ಟೆ.

ಎಲ್ಲರೂ ಭೂಮಿಯಿಂದ ನೀರೆತ್ತಿದುದರ ಫಲವನ್ನು ಊಹಿಸಬಹುದು. ಅಂತರ್ಜಲವು ಆಳಕ್ಕೆ ಇಳಿಯುತ್ತಲೇ ಹೋಯಿತು. ಕಟ್ಟಡ ಕಟ್ಟಲು ಕೊಳವೆಬಾವಿಯ ನೀರನ್ನು ಬಳಸಕೂಡದೆಂದು 2012ರಲ್ಲಿ ಉಚ್ಚ ನ್ಯಾಯಾಲಯವೇ ಆಜ್ಞೆ ಮಾಡಬೇಕಾಯಿತು.

ಬೇಸಿಗೆಯಲ್ಲಿ ನೀರಿಲ್ಲದ ಊರು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುವುದು ಮೇಲುನೋಟಕ್ಕೆ ವಿಚಿತ್ರ. ವಾಸ್ತವವಾಗಿ ಇವೆರಡೂ ಒಂದೇ ರೋಗದ ಎರಡು ಲಕ್ಷಣಗಳು. ಇಲ್ಲಿನ ನೆಲವು ಅರಾವಳಿ ಗುಡ್ಡಗಳಿಂದ ನಜಫ್‌ಗಢದ ತಗ್ಗಿನ ಕಡೆಗೆ ಇಳಿಜಾರಾಗಿದೆ. ಗುಡ್ಡದ ನೀರು ಹಳ್ಳಗಳಾಗಿ ಇಳಿದುಬರುತ್ತಿತ್ತು. ಅದನ್ನು ತಡೆದು ನಿಲ್ಲಿಸಲು ಘಾಟಾ, ವಜೀರಾಬಾದ್, ಚಕ್ಕರ್‌ಪುರ, ಝಾರ್ಸಾಗಳಲ್ಲಿ ಹಿಂದಿನವರು ಮಣ್ಣಿನ ಒಡ್ಡುಗಳನ್ನು ಹಾಕಿದ್ದರು. ಒಡ್ಡಿನ ಹಿಂದೆ ನಿಂತ ನೀರು ನೆಲಕ್ಕಿಂಗಿ ಬಾವಿಗಳನ್ನು ತುಂಬುತ್ತಿತ್ತು. ನಗರ ಬಂದಾಗ ಹಳ್ಳಗಳು ನಿವೇಶನಗಳಾದವು. ಘಾಟಾ ಕೆರೆಯ ಅಂಗಳದಲ್ಲಿ ರಸ್ತೆಗಳೂ ಮನೆಗಳೂ ಎದ್ದವು. ನಕ್ಷೆ ಬರೆದವರು ಹಳ್ಳವನ್ನು ಮರೆತರೂ ನೀರು ತನ್ನ ದಾರಿಯನ್ನು ಮರೆಯಲಿಲ್ಲ.

2016ರ ಜುಲೈ 28ರ ಸಂಜೆ ಇದು ಎಲ್ಲರಿಗೂ ಮನವರಿಕೆಯಾಯಿತು. ಬಾದಶಾಪುರದ ಕಾಲುವೆಯ ನೀರು ಉಕ್ಕಿ, ದಿಲ್ಲಿ-ಜಯಪುರ ಹೆದ್ದಾರಿಯ ಹೀರೋ ಹೋಂಡಾ ಚೌಕವನ್ನು ಮುಳುಗಿಸಿತು. ಕಾರುಗಳು, ಲಾರಿಗಳು, ಬಸ್ಸುಗಳು ನಿಂತಲ್ಲಿಯೇ ನಿಂತವು. ಕಚೇರಿಯಿಂದ ಹೊರಟವರು ರಾತ್ರಿಯನ್ನು ರಸ್ತೆಯಲ್ಲಿಯೇ ಕಳೆದರು. ಎಷ್ಟೋ ಜನ ಮೊಣಕಾಲುದ್ದ ನೀರಿನಲ್ಲಿ ನಡೆದು ಮನೆ ಸೇರಿದರು. ಮರುದಿನ ಶಾಲೆಗಳಿಗೆ ರಜೆ. ಗುರುಗ್ರಾಮವೆಂಬ ಹೊಸ ಹೆಸರು ಪ್ರಕಟವಾಗಿ ಮೂರೇ ತಿಂಗಳಾಗಿತ್ತು. ಜನ ಅದನ್ನು ತಿರುಚಿ 'ಗುರುಜಾಮ್' ಎಂದರು. 2020ರ ಆಗಸ್ಟಿನಲ್ಲಿ ಅತ್ಯಂತ ಸಿರಿವಂತರು ಓಡಾಡುವ ಗಾಲ್ಫ್ ಕೋರ್ಸ್ ರಸ್ತೆಯ ಸುರಂಗಮಾರ್ಗಗಳೇ ನೀರಿನಿಂದ ತುಂಬಿಹೋದವು. ಕಾವಲುಗಾರನು ಅಪರಿಚಿತರನ್ನು ತಡೆಯಬಲ್ಲ. ಮಳೆಯ ನೀರನ್ನು ಗುರುತಿನ ಚೀಟಿ ಕೇಳಿ ಹಿಂದಕ್ಕೆ ಕಳುಹಿಸಲಾರ.

ಚಿತ್ರದಲ್ಲಿ ಕಾಣದ ಇನ್ನೊಂದು ಗುರುಗ್ರಾಮವೂ ಉಂಟು. ಕಂದಾಯ ನಕ್ಷೆಯಲ್ಲಿ ಹಳ್ಳಿಯ ಮನೆಗಳಿರುವ ಜಾಗವನ್ನು ಹೊಲಗಳಿಂದ ಬೇರ್ಪಡಿಸಲು ಬ್ರಿಟಿಷರ ಕಾಲದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು. ಅದಕ್ಕೆ 'ಲಾಲ್ ಡೋರಾ' ಎಂದು ಹೆಸರು. ಹೊಲಗಳು ಮಾರಾಟವಾದವು, ಕೆಂಪು ಗೆರೆಯೊಳಗಿನ ಹಳ್ಳಿಗಳು ಸೌಧಗಳ ನಡುವೆ ಹಾಗೆಯೇ ಉಳಿದವು. ಭೂಮಿ ಮಾರಿದ ರೈತರು ಅಲ್ಲಿ ಇಕ್ಕಟ್ಟಾದ ಕೋಣೆಗಳ ಸಾಲುಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಬಿಹಾರ, ಬಂಗಾಳ, ಉತ್ತರ ಪ್ರದೇಶಗಳಿಂದ ಬಂದ ಗಾರೆಯವರು, ಚಾಲಕರು, ಮನೆಗೆಲಸದ ಹೆಂಗಸರು ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಹೂಡಿದರು. ಬೆಳಗಾದರೆ ಗೋಡೆಯಾಚೆಯ ಸೌಧಗಳಿಗೆ ಹೋಗಿ ದುಡಿಯುವವರು ಇವರೇ.

2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ವ್ಯಾಧಿಯ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಇವರ ದುಡಿಮೆ ಒಂದೇ ದಿನದಲ್ಲಿ ನಿಂತಿತು. ಗುರುಗ್ರಾಮದಲ್ಲಿ ಇ-ರಿಕ್ಷಾ ಓಡಿಸುತ್ತಿದ್ದ ಬಿಹಾರದ ಒಬ್ಬಾತ ಅದಕ್ಕೆ ಮೊದಲೇ ಅಪಘಾತದಲ್ಲಿ ಗಾಯಗೊಂಡಿದ್ದ. ನಡೆಯಲಾರದ ತಂದೆಯನ್ನು ಹದಿನೈದು ವರ್ಷದ ಮಗಳು ಒಂದು ಹಳೆಯ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಸುಮಾರು 1,200 ಕಿಲೋಮೀಟರು ತುಳಿದು, ಆ ವರ್ಷದ ಮೇ ತಿಂಗಳಿನಲ್ಲಿ ದರಭಂಗಾ ಜಿಲ್ಲೆಯ ತನ್ನ ಊರನ್ನು ಸೇರಿದಳು. ದೇಶವೆಲ್ಲ ಅವಳ ಧೈರ್ಯವನ್ನು ಕೊಂಡಾಡಿತು. ಕೊಂಡಾಡಬೇಕಾದುದೇ. ಆದರೆ ಅಷ್ಟು ಐಶ್ವರ್ಯದ ನಗರದಲ್ಲಿ ಒಂದು ಹುಡುಗಿಗೆ ಸೈಕಲ್ಲಲ್ಲದೆ ಬೇರೆ ಆಸರೆ ಸಿಕ್ಕಲಿಲ್ಲವೇ ಎಂಬ ಪ್ರಶ್ನೆಯನ್ನು ಎಷ್ಟು ಮಂದಿ ಕೇಳಿದರು? ಖಾಂಡ್ಸಾದ ಸಣ್ಣ ಗುಡಿಯ ನೆನಪಾಗುವುದು ಇಲ್ಲಿಯೇ.

ಹಾಗೆಂದು ಈ ನಗರವನ್ನು ಹಳಿಯುವುದು ನ್ಯಾಯವಲ್ಲ. ಲಕ್ಷಾಂತರ ಜನರಿಗೆ ಅದು ಅನ್ನ ಕೊಟ್ಟಿದೆ. ನಗರಪಾಲಿಕೆ ಮೊದಲೇ ಇದ್ದ ಊರುಗಳೆಲ್ಲ ಸ್ವರ್ಗವಾಗಿವೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭವಲ್ಲ. ಸಾಹಸಿಗಳಿಗೆ ದಾರಿ ಬಿಟ್ಟುಕೊಟ್ಟುದು ತಪ್ಪಲ್ಲ. ದಾರಿಯನ್ನು ನಿರ್ಮಿಸುವ ಕೆಲಸವನ್ನೂ ಬಿಟ್ಟುಬಿಟ್ಟುದು ತಪ್ಪು.

ಆ ತಪ್ಪನ್ನು ತಿದ್ದುವ ಯತ್ನಗಳೂ ನಡೆದಿವೆ. ಇಡೀ ನಗರದ ನೀರು, ಚರಂಡಿ, ರಸ್ತೆಗಳನ್ನು ಒಟ್ಟಾಗಿ ನೋಡುವ ಪ್ರಾಧಿಕಾರವೊಂದನ್ನು 2017ರಲ್ಲಿ ಸರ್ಕಾರ ರಚಿಸಿತು. 2013ರಲ್ಲಿ ಖಾಸಗಿ ಬಂಡವಾಳದಿಂದ ಆರಂಭವಾದ ರ‍್ಯಾಪಿಡ್ ಮೆಟ್ರೋ ರೈಲನ್ನು ನಡೆಸುವ ಹೊಣೆಯನ್ನು 2019ರಲ್ಲಿ ಸರ್ಕಾರಿ ಸಂಸ್ಥೆಯಾದ ದಿಲ್ಲಿ ಮೆಟ್ರೋ ವಹಿಸಿಕೊಂಡಿತು. ಇವೆಲ್ಲಕ್ಕಿಂತ ಮನಸ್ಸಿಗೆ ಹಿತವಾಗುವ ಸಂಗತಿ ಅರಾವಳಿಯ ಅಂಚಿನಲ್ಲಿದೆ. ಕಲ್ಲುಗಣಿಗಾರಿಕೆಯಿಂದ ಹಾಳಾಗಿದ್ದ ಸುಮಾರು 390 ಎಕರೆ ನೆಲದಲ್ಲಿ 2010ರಿಂದ ನಾಗರಿಕರೂ ಶಾಲಾಮಕ್ಕಳೂ ನಗರಪಾಲಿಕೆಯೂ ಜೊತೆಗೂಡಿ ಅರಾವಳಿಯ ನಾಡಮರಗಳನ್ನು ನೆಟ್ಟು ಬೆಳೆಸಿದರು. ಹಕ್ಕಿಗಳು ಮರಳಿ ಬಂದವು. ಅದಕ್ಕೆ ಬೇಲಿ ಹಾಕಿ ಕೊಂಡವರಿಲ್ಲ. ಅದು ಎಲ್ಲರದು, ಎಲ್ಲರದಾದುದರಿಂದಲೇ ಉಳಿದಿದೆ.

ಮನೆಯನ್ನು ಹಣವಿದ್ದವನು ಒಬ್ಬನೇ ಕಟ್ಟಬಹುದು. ಊರನ್ನು ಕಟ್ಟಲು ನೆರೆಯವನೂ ಬೇಕು. ಗೋಡೆ ಎತ್ತರವಾದಷ್ಟೂ ನೆರೆಯವನು ಕಾಣದಾಗುತ್ತಾನೆ. ಅವನ ಮನೆಯ ಮುಂದೆ ಕಟ್ಟಿಕೊಂಡ ಚರಂಡಿ ಮಾತ್ರ ಒಂದು ದಿನ ಎಲ್ಲರ ಮನೆಯ ಮುಂದೆಯೂ ಉಕ್ಕುತ್ತದೆ. ರಾಜಧಾನಿಗಳ ಅಂಚಿನಲ್ಲಿ ಬೆಳೆಯುತ್ತಿರುವ ಪ್ರತಿಯೊಂದು ಹೊಸ ಊರಿಗೂ ಗುರುಗ್ರಾಮವು ಕಲಿಸುತ್ತಿರುವ ಪಾಠ ಇಷ್ಟೆ.

ಮಗನು ಕಳುಹಿಸಿದ ಚಿತ್ರಗಳನ್ನು ನೋಡಿ ತಾಯಿ ಹಿಗ್ಗಲಿ; ಹಿಗ್ಗುವುದು ಅವರ ಹಕ್ಕು. ಮುಂದಿನ ಸಲ ಮಾತನಾಡುವಾಗ, ಬಾಡಿಗೆ ಎಷ್ಟು, ಮಹಡಿ ಎಷ್ಟನೆಯದು ಎಂದು ಕೇಳಿದ ಮೇಲೆ, "ಮಳೆ ಬಂದರೆ ನಿಮ್ಮ ಬೀದಿಯ ನೀರು ಎಲ್ಲಿಗೆ ಹೋಗುತ್ತದಪ್ಪಾ?" ಎಂದೂ ಒಂದು ಮಾತು ಕೇಳಿದರೆ ಒಳ್ಳೆಯದು.