ಒಂದು ಕೋಶದಲ್ಲಿ 1260

1954ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಅಚ್ಚಾಯಿತು. ಬರೆದವರು ತಿರುವನಂತಪುರದ ಸಸ್ಯವಿಜ್ಞಾನಿಗಳಾದ ಎ. ಅಬ್ರಹಾಂ ಮತ್ತು ಸಿ. ಎ. ನಿನಾನ್. ಅವರು ನೋಡಿದ್ದು ಆಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಸಣ್ಣ ಜರೀಗಿಡವನ್ನು. ಅದಕ್ಕೆ ಹೆಚ್ಚಾಗಿ ಒಂದೇ ಎಲೆ. ಆ ಎಲೆಯ ಬುಡದಿಂದ ಹಾವಿನ ನಾಲಿಗೆಯಂತೆ ಏಳುವ ಒಂದು ಕಡ್ಡಿ. ಕಡ್ಡಿಯ ತುದಿಯಲ್ಲಿ ಎರಡು ಸಾಲು ಬೀಜಾಣುಚೀಲಗಳು. ಹುಲ್ಲಿನ ನಡುವೆ ಕಣ್ಣಿಗೂ ಬೀಳದ ಈ ಗಿಡದ ಒಂದೊಂದು ಜೀವಕೋಶದಲ್ಲೂ ಸುಮಾರು 1260 ವರ್ಣತಂತುಗಳಿವೆ ಎಂದು ಅವರು ಎಣಿಸಿ ಹೇಳಿದರು. ಮನುಷ್ಯನಲ್ಲಿರುವುದು 46. ಅದೂ ಆಗಿನ್ನೂ ಗೊತ್ತಾಗಿರಲಿಲ್ಲ; 1956ರಲ್ಲಿ ತಿದ್ದುವವರೆಗೆ ಪಠ್ಯಪುಸ್ತಕಗಳಲ್ಲಿ 48 ಎಂದೇ ಇತ್ತು. ಈ ಲೆಕ್ಕದಲ್ಲಿ ಆಫಿಯೋಗ್ಲಾಸಮ್ ಕುಲವನ್ನು ಮೀರಿಸಿದ ಗಿಡವಾಗಲಿ ಪ್ರಾಣಿಯಾಗಲಿ ಇವತ್ತಿಗೂ ಸಿಕ್ಕಿಲ್ಲ.

ಜರೀಗಿಡಗಳನ್ನು ಹೀಗೆ ಒಳಗಿನಿಂದ ನೋಡುವುದನ್ನು ಜಗತ್ತಿಗೆ ಕಲಿಸಿದವರು ಇಂಗ್ಲೆಂಡಿನ ಐರೀನ್ ಮ್ಯಾಂಟನ್ (1904–1988). ಸಾಸಿವೆ ಕುಟುಂಬದ ಗಿಡಗಳಿಂದ ಕೆಲಸ ಆರಂಭಿಸಿ, ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳುತ್ತಲೇ ಜರೀಗಿಡಗಳತ್ತ ಹೊರಳಿದರು. 1946ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. 1950ರಲ್ಲಿ ಹೊರಬಂದ ಅವರ ಗ್ರಂಥ ಈ ಕ್ಷೇತ್ರದ ಬುನಾದಿ.

ಎಣಿಸುವುದೆಂದರೆ ಏನು? ಹೆಚ್ಚಿನ ಜರೀಗಿಡಗಳಲ್ಲಿ ಎಲೆಯ ಹಿಂಬದಿಯಲ್ಲಿರುವ ಬೀಜಾಣುಚೀಲಗಳು ಕಂದು ಬಣ್ಣಕ್ಕೆ ತಿರುಗಿದರೆ ಕಾಲ ಮೀರಿತೆಂದೇ ಅರ್ಥ. ಇನ್ನೂ ಎಳೆಯದಾಗಿರುವಾಗ, ಒಳಗಿನ ಕೋಶಗಳು ವಿಭಜನೆಗೆ ತೊಡಗಿರುವಾಗಲೇ ಅವನ್ನು ಹಿಡಿಯಬೇಕು. ಗಿಡದಿಂದ ಕಿತ್ತು ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣಕ್ಕೆ ಹಾಕಿದರೆ ಕೋಶ ಇದ್ದ ಸ್ಥಿತಿಯಲ್ಲೇ ನಿಲ್ಲುತ್ತದೆ. ಆಮೇಲೆ ಗಾಜಿನ ಮೇಲೆ ಒಂದು ಹನಿ ಕಾರ್ಮೈನ್ ಬಣ್ಣ, ಮೇಲೊಂದು ತೆಳು ಗಾಜು, ಅದರ ಮೇಲೆ ಹೆಬ್ಬೆರಳ ಒತ್ತಡ. ಹದ ಸರಿಯಿದ್ದರೆ ಕೋಶ ಚಪ್ಪಟೆಯಾಗಿ ವರ್ಣತಂತುಗಳು ಒಂದರ ಮೇಲೊಂದು ಬೀಳದೆ ಹರಡಿಕೊಳ್ಳುತ್ತವೆ. ಒತ್ತಡ ಕಡಿಮೆಯಾದರೆ ಮುದ್ದೆ, ಹೆಚ್ಚಾದರೆ ಚೂರು. ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಯಿಂದ ಇದು ಆಗದು. ಜೀವಂತ ಗಿಡವೇ ಬೇಕು. ಆದ್ದರಿಂದಲೇ ಈ ಸಂಶೋಧಕರು ಗಿಡ ಸಾಕುವವರೂ ಆಗಬೇಕಾಯಿತು.

ಇಷ್ಟೆಲ್ಲ ಶ್ರಮದಿಂದ ತಿಳಿದದ್ದು ಬರೀ ಅಂಕಿಯಲ್ಲ. ಯುರೋಪಿನಲ್ಲಿ ‘ಮೇಲ್ ಫರ್ನ್’ ಎಂದು ಹೆಚ್ಚಿನವರು ಒಂದೇ ಹೆಸರಲ್ಲಿ ಕರೆಯುತ್ತಿದ್ದ ಗಿಡದೊಳಗೆ ಹಲವು ಗಿಡಗಳಿದ್ದವು. ಬೆಟ್ಟದ ಕಲ್ಲುಗಳ ನಡುವಿನ ಚಿಕ್ಕದರಲ್ಲಿ 41 ಜೋಡಿ, ಕಾಡಿನ ದೊಡ್ಡದರಲ್ಲಿ 82 ಜೋಡಿ. ಇನ್ನೊಂದು ಬಗೆ ಗಂಡು ಹೆಣ್ಣಿನ ಕೂಡುವಿಕೆಯೇ ಇಲ್ಲದೆ ಪೀಳಿಗೆ ಮುಂದುವರಿಸುವಂಥದು. ಎರಡು ಪ್ರಭೇದ ಬೆರೆತು ಹುಟ್ಟಿದ ಗಿಡದಲ್ಲಿ ವರ್ಣತಂತುಗಳಿಗೆ ಜೋಡಿ ಸಿಗದೆ ಬೀಜಾಣುಗಳು ಬರಡಾಗುತ್ತವೆ. ಎಲ್ಲವೂ ಇಮ್ಮಡಿಯಾದರೆ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿ ಗಿಡ ಮತ್ತೆ ಫಲವಂತವಾಗುತ್ತದೆ. ಹಾಗೆ ಹೊಸ ಪ್ರಭೇದವೊಂದು ಹುಟ್ಟುವ ಪರಿಯನ್ನು ಎಲೆಯ ಆಕಾರವೊಂದೇ ಎಂದೂ ಹೇಳಲಾರದು.

ಇಂಥ ಇಮ್ಮಡಿಗೆ ಹಿಮಯುಗದ ಏರುಪೇರು ಕಾರಣ, ಅದು ಶೀತದೇಶಗಳ ಸಂಗತಿ ಎಂಬ ವಾದವಿತ್ತು. ಮ್ಯಾಂಟನ್ ಸಿಂಹಳಕ್ಕೇ ಬಂದು ಜರೀಗಿಡಗಳನ್ನು ಸಂಗ್ರಹಿಸಿದರು. ಸಹೋದ್ಯೋಗಿ ಸ್ಲೆಡ್ಜ್ ಅವರೊಂದಿಗೆ ಅದೇ 1954ರಲ್ಲಿ ಪ್ರಕಟಿಸಿದ ಫಲಿತಾಂಶ ಆ ವಾದಕ್ಕೆ ವಿರುದ್ಧವಾಗಿತ್ತು: ಸಿಂಹಳದಲ್ಲಿ ಇಂಥ ಪ್ರಭೇದಗಳ ಪ್ರಮಾಣ ಬ್ರಿಟನ್ನಿಗಿಂತ ಹೆಚ್ಚು. ನಮ್ಮ ಪಶ್ಚಿಮ ಘಟ್ಟಕ್ಕೆ ಸಸ್ಯಸಂಪತ್ತಿನಲ್ಲಿ ಹತ್ತಿರದ ನಂಟಿರುವ ದ್ವೀಪ ಅದು.

ಇವತ್ತು ಡಿಎನ್‌ಎ ಓದುವುದು ಸುಲಭವಾಗಿದೆ, ಸಂತೋಷ. ಆದರೆ ಅದರ ಒಂದು ತುಣುಕನ್ನು ಓದಿದ ಮಾತ್ರಕ್ಕೆ ವರ್ಣತಂತುಗಳೆಷ್ಟು ಎಂದು ತಿಳಿಯದು. ಕೋಶ ತೆರೆದೇ ನೋಡಬೇಕು. ಅಬ್ರಹಾಂ ಅವರ ತಂಡ 1962ರಲ್ಲಿ ದಕ್ಷಿಣ ಭಾರತದ ನೂರು ಜರೀಗಿಡ ಪ್ರಭೇದಗಳ ಅಧ್ಯಯನ ಪ್ರಕಟಿಸಿತು. ಆ ಕೆಲಸ ಘಟ್ಟದ ಒಂದೊಂದು ಕಣಿವೆಯಲ್ಲೂ ಮುಂದುವರಿಯಬೇಕೆಂಬುದು ನನ್ನ ಆಸೆ. ಬೇಕಾದ ಸೂಕ್ಷ್ಮದರ್ಶಕ, ಗಾಜು, ಬಣ್ಣ ನಮ್ಮ ಪದವಿ ಕಾಲೇಜುಗಳಿಗೆ ಹೊಸವಲ್ಲ. ಈರುಳ್ಳಿ ಬೇರಿನ ತುದಿಯನ್ನು ಜಜ್ಜಿ ಎಣಿಸಲು ಬಿ.ಎಸ್ಸಿ. ಮಕ್ಕಳಿಗೆ ಕಲಿಸುತ್ತಲೇ ಇದ್ದೇವೆ. ಮಲೆನಾಡಿನ ಕಾಲೇಜುಗಳಲ್ಲಿ ಅದೇ ಪಾಠವನ್ನು ಹಿತ್ತಿಲ ಧರೆಯ ಜರೀಗಿಡದಿಂದ ಶುರುಮಾಡಬಹುದು.