ಅಂಗನವಾಡಿಯ ಲೆಕ್ಕದಲ್ಲಿ ಪಾಠಕ್ಕೆಷ್ಟು ದುಡ್ಡು?

ಶಾಲೆ ಸೇರುವ ಮೊದಲಿನ ಮಕ್ಕಳ ಆರೈಕೆ, ಕಲಿಕೆಗೆಂದು ಸ್ವೀಡನ್ ಸರ್ಕಾರ ಜಿಡಿಪಿಯ ಶೇ 1ಕ್ಕಿಂತ ಹೆಚ್ಚು ಹಣ ಕೊಡುತ್ತದೆ. ನಮ್ಮಲ್ಲಿ ಅಂಗನವಾಡಿಗಳನ್ನು ನಡೆಸುವ ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0 ಯೋಜನೆಗೆ 2025–26ರ ಬಜೆಟ್ಟಿನಲ್ಲಿ ಕೇಂದ್ರ ಎತ್ತಿಟ್ಟದ್ದು 21,960 ಕೋಟಿ ರೂಪಾಯಿ. ಅಂದರೆ ಜಿಡಿಪಿಯ ಶೇ 0.06ರ ಆಸುಪಾಸು. ರಾಜ್ಯಗಳ ಪಾಲು ಕೂಡಿಸಿದರೂ ಅಂತರ ದೊಡ್ಡದೇ. ಆದರೆ ನನ್ನನ್ನು ಹೆಚ್ಚು ಕಾಡುವುದು ಮೊತ್ತವಲ್ಲ, ಆ ದುಡ್ಡು ಯಾವ ಬಾಬ್ತಿಗೆ ಸೇರುತ್ತದೆ ಎಂಬುದು. ಸ್ವೀಡನ್ 1996ರಲ್ಲಿ ಶಿಶುವಿಹಾರಗಳನ್ನು ಸಮಾಜ ಕಲ್ಯಾಣದಿಂದ ಬಿಡಿಸಿ ಶಿಕ್ಷಣ ಸಚಿವಾಲಯಕ್ಕೆ ಒಪ್ಪಿಸಿತು, 1998ರಲ್ಲಿ ಅವಕ್ಕೊಂದು ಪಠ್ಯಕ್ರಮ ಕೊಟ್ಟಿತು. ನಮ್ಮ ಅಂಗನವಾಡಿ 1975ರಲ್ಲಿ ಹುಟ್ಟಿದ್ದು ಆರು ಸೇವೆಗಳ ಯೋಜನೆಯಾಗಿ. ಶಾಲಾಪೂರ್ವ ಶಿಕ್ಷಣ ಆ ಆರರಲ್ಲಿ ಒಂದು. ಹಣದ ಬಹುಪಾಲು ಆಹಾರಕ್ಕೂ ಗೌರವಧನಕ್ಕೂ ಹೋಗುತ್ತದೆ. ಪಾಠ ಮಾತ್ರ ಸಮಯ ಮಿಕ್ಕರೆ ಆಗುವ ಕೆಲಸ.

ಸಮಯ ಮಿಕ್ಕುವುದಾದರೂ ಎಲ್ಲಿಂದ? ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ, ತುಂಗಭದ್ರೆಯ ದಂಡೆಯ ಭತ್ತದ ಸೀಮೆಯಲ್ಲಿ ನಾಟಿ ಶುರುವಾದರೆ ಹೆಣ್ಣಾಳುಗಳು ಬೆಳಕು ಹರಿಯುತ್ತಲೇ ಗದ್ದೆಗೆ ಇಳಿಯುತ್ತಾರೆ. ಮಗುವಿಗೆ ಅಂಗನವಾಡಿಯೇ ಗತಿ. ಅಲ್ಲಿರುವುದು ಒಬ್ಬ ಟೀಚರ್, ಅಡುಗೆಗೆ ಒಬ್ಬ ಸಹಾಯಕಿ. ಟೀಚರ್ ಮಕ್ಕಳ ತೂಕ ಹಾಕಬೇಕು, ಗರ್ಭಿಣಿಯರ ಊಟ ನೋಡಬೇಕು, ಪೋಷಣ್ ಟ್ರ್ಯಾಕರ್ ಆ್ಯಪಿಗೆ ಫಲಾನುಭವಿಯ ಮುಖದ ಫೋಟೊ ಹಿಡಿಯಬೇಕು, ನೆಟ್‌ವರ್ಕ್ ಸಿಗದಿದ್ದರೆ ಫೋನ್ ಹಿಡಿದು ಅಂಗಳಕ್ಕೆ ಬರಬೇಕು. ಚುನಾವಣೆ ಬಂದರೆ ಮತದಾರರ ಪಟ್ಟಿಯೂ ಅವಳ ಕೊರಳಿಗೇ. ಇಷ್ಟಕ್ಕೆ 2018ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 4,500 ರೂಪಾಯಿಗೆ ಏರಿದ ಕೇಂದ್ರದ ಗೌರವಧನ ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಅದರ ಮೇಲೆ ರಾಜ್ಯ ಹಾಕಿಕೊಡುವುದರಿಂದಲೇ ಅವಳ ಸಂಸಾರ ಸಾಗುತ್ತಿದೆ.

ಒಂದು ಕೋಟಿಯಷ್ಟೇ ಜನರಿರುವ ಸಿರಿವಂತ ದೇಶವನ್ನು ರಾಯಚೂರಿನ ಪಕ್ಕ ನಿಲ್ಲಿಸುವುದು ನ್ಯಾಯವೇ ಎಂದು ಕೇಳಬಹುದು. ಕಟ್ಟಡ, ಸಂಬಳಗಳನ್ನು ಹೋಲಿಸಿದರೆ ಖಂಡಿತ ಅಲ್ಲ. ಆದರೆ ಪಾಠಕ್ಕೆಂದೇ ಒಬ್ಬರನ್ನು ನೇಮಿಸಲು ಸ್ವೀಡನ್ನಿನಷ್ಟು ಸಿರಿ ಬೇಕಿಲ್ಲ, ಅದನ್ನು ತಮಿಳುನಾಡು ತೋರಿಸಿದೆ. ಅಲ್ಲಿ ನಾಲ್ಕು ಜಿಲ್ಲೆಗಳ 640 ಅಂಗನವಾಡಿಗಳಲ್ಲಿ ಅಧ್ಯಯನ ನಡೆಸಿದ ಅರ್ಥಶಾಸ್ತ್ರಜ್ಞರು, ಚೀಟಿ ಎತ್ತಿದಂತೆ ಆರಿಸಿದ ಅರ್ಧದಷ್ಟು ಕೇಂದ್ರಗಳಲ್ಲಿ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಪಾಠಕ್ಕೆ ನಿಲ್ಲಿಸಿದರು. ಪಾಠದ ಹೊತ್ತು ಇಮ್ಮಡಿಯಾಯಿತು, ಮಕ್ಕಳ ಲೆಕ್ಕ ಮತ್ತು ಭಾಷೆ ಎರಡೂ ಸುಧಾರಿಸಿದವು. ಹೊಟ್ಟೆ ತುಂಬದ ಮಗುವಿಗೆ ಅಕ್ಷರ ಯಾಕೆ ಎನ್ನುವವರಿಗೂ ಅಲ್ಲೇ ಉತ್ತರವಿದೆ. ಹಳೆಯ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ತೀವ್ರ ಅಪೌಷ್ಟಿಕತೆಯೂ ಕುಂಠಿತ ಬೆಳವಣಿಗೆಯೂ ಇಳಿದವು.

ತಾಯಂದಿರು ಎಲ್‌ಕೆಜಿಯನ್ನೇ ಕೇಳುತ್ತಾರೆ ಎಂಬ ವಾದವೂ ಸುಳ್ಳಲ್ಲ. 2024ರಲ್ಲಿ ಅಕ್ಷರ ಆವಿಷ್ಕಾರ ಕಾರ್ಯಕ್ರಮದಡಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕ ಬರೀ ನೌಕರಿಯದ್ದಾಗಿರಲಿಲ್ಲ. ಶಾಲೆ ಅದೇ ಮಕ್ಕಳನ್ನು ಎಳೆದುಕೊಂಡರೆ ಒಂದೇ ಊರಿನಲ್ಲಿ ಅರೆಬರೆ ದುಡ್ಡಿನ ಎರಡು ವ್ಯವಸ್ಥೆಗಳಾಗುತ್ತವೆ, ಗದ್ದೆಗೆ ಹೋಗುವ ತಾಯಿಯ ಕೂಸು ಮಾತ್ರ ಪಾಠವಿಲ್ಲದ ಕಡೆ ಉಳಿಯುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಪ್ರತಿ ಅಂಗನವಾಡಿಗೂ ಪಾಠಕ್ಕೆಂದೇ ಅರ್ಧ ದಿನದ ಎರಡನೇ ಟೀಚರನ್ನು ಕೊಡುವ ಖರ್ಚನ್ನು ಈ ಹಣದಿಂದಲೇ ಭರಿಸಬೇಕು. ಆ ಖರ್ಚು ರಾಜ್ಯದ ಲೆಕ್ಕದಲ್ಲಿ ಶಿಕ್ಷಣದ ಬಾಬ್ತಿನಡಿ ಬೇರೆಯಾಗಿಯೇ ಕಾಣಬೇಕು.